ಪಟ್ಟಿಯ ಬೆಲೆ, ಮೈಯ ಬೆಲೆ

ಶಿರಸಿ

ಚಿ. ಅಪ್ಪಿಗೆ ಸೋದರಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ತೋಟಕ್ಕೆ ಮೊದಲ ಸಲದ ಬೋರ್ಡೋ ಮದ್ದು ಹೊಡೆದಾಯಿತು, ಎರಡನೆಯದಕ್ಕೆ ಮಳೆ ಹೊಳವು ಕೊಡಬೇಕು. ನೀನು ಕೊಳ್ಳಬೇಕೆಂದು ಮೊಬೈಲಿಗೆ ಕಳಿಸಿದ ಹಳೆ ಫಿಯೆಟ್ ಕಾರಿನ ಫೋಟೊ, ಅದರ ಬೆನ್ನಿಗೇ ಕಳಿಸಿದ ವಿದೇಶದ ಹರಾಜಿನ ಸುದ್ದಿ ಎಲ್ಲ ನೋಡಿದೆ. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ‘ಗೊತ್ತು ಮಾವ’ ಅನ್ನುತ್ತೀಯ. ಕಾಗದದಲ್ಲಿ ನಿನಗೆ ಆ ಸೌಕರ್ಯ ಇಲ್ಲ ಅಂತಲೇ ಬರೆಯಲು ಕೂತೆ.

ಕಾರು ತಗೊಳ್ಳಬೇಡ ಅಂತ ಹೇಳುವವನು ನಾನಲ್ಲ. ಯಲ್ಲಾಪುರ ನಾಕೆಯ ಹತ್ತಿರ ಅಷ್ಟು ವರ್ಷ ಗ್ಯಾರೇಜು ಇಟ್ಟುಕೊಂಡವನ ಬಾಯಲ್ಲಿ ಆ ಮಾತು ಹೊರಡುವುದೂ ಇಲ್ಲ. ಫಿಯೆಟ್ 1100 ಒಳ್ಳೆಯ ಗಾಡಿ. 1089 ಸಿಸಿಯ ಸಾಧು ಇಂಜಿನ್, ಸ್ಟೇರಿಂಗಿನ ಪಕ್ಕದಲ್ಲೇ ಗೇರು, ದೇವಿಮನೆ ಘಟ್ಟವನ್ನು ನಿಧಾನಕ್ಕೆ, ಆದರೆ ಮರ್ಯಾದೆಯಿಂದ ಹತ್ತುತ್ತದೆ. ನನ್ನ ತಕರಾರು ಇರುವುದು ನಿನ್ನ ಲೆಕ್ಕದ ಮೇಲೆ. ‘ಹಳೆ ಕಾರಿಗೆ ಲೋಕದಲ್ಲೆಲ್ಲ ಬೆಲೆ ಏರುತ್ತಿದೆ, ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕರೆ ಹಿಡಿದು ಹಾಕೋಣ, ಆಮೇಲೆ ಸರಿ ಮಾಡಿಸೋಣ’ ಎಂದು ಬರೆದಿದ್ದೀಯಲ್ಲ, ಅದರ ಮೇಲೆ.

ನೀನು ಕಳಿಸಿದ ಮೊದಲ ಸುದ್ದಿಯನ್ನೇ ತಗೊ. 2022ರ ಮೇ ತಿಂಗಳಲ್ಲಿ ಮರ್ಸಿಡಿಸ್ 300 ಎಸ್‌ಎಲ್‌ಆರ್ ಊಲೆನ್‌ಹೌಟ್ ಕೂಪೆ 13.5 ಕೋಟಿ ಯೂರೊಗೆ ಹೋಯಿತು. ಆಗಿನ ನಮ್ಮ ದುಡ್ಡಿನಲ್ಲಿ ಸಾವಿರ ಕೋಟಿ ರೂಪಾಯಿಗೂ ಮೇಲೆ. 1955ರಲ್ಲಿ ಅಂಥವು ತಯಾರಾದದ್ದೇ ಎರಡು. ಎರಡೂ ಕಂಪನಿಯ ಕೈಯಲ್ಲೇ ಇದ್ದವು. ಒಂದನ್ನು ಕಂಪನಿಯೇ ಮಾರಿತು, ಇನ್ನೊಂದನ್ನು ಬಿಟ್ಟುಕೊಡಲಿಲ್ಲ. ಆ ಬೆಲೆಗೂ ಹಳೆಯ ಬೇರೆ ಮರ್ಸಿಡಿಸ್‌ಗಳಿಗೂ ಸಂಬಂಧವಿಲ್ಲ. ಇನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಾದ ಫಿಯೆಟ್ಟಿಗೆ ಎಲ್ಲಿಂದ ಬರಬೇಕು?

ನೀನು ಅಡಿಕೆ ಮನೆಯ ಹುಡುಗ, ಟೆಂಡರು ನೋಡಿ ಬೆಳೆದವನು. ಪತ್ರಿಕೆಯ ಧಾರಣೆಯ ಅಂಕಣದಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು, ಕೋಕಾ ಹೀಗೆ ಅಡಿಕೆಯ ಒಂದೊಂದು ಬಗೆಗೂ ಬೇರೆ ಬೇರೆ ಸಾಲು ಇರುತ್ತದೆ. ಒಂದೊಂದು ಸಾಲಿಗೂ ಕನಿಷ್ಠ, ಗರಿಷ್ಠ, ಸರಾಸರಿ ಇರುತ್ತದೆ. ‘ಇವತ್ತು ಶಿರಸಿಯಲ್ಲಿ ಅಡಿಕೆಗೆ ಇಷ್ಟು’ ಎಂದು ಒಂದೇ ಅಂಕಿ ಹೇಳಿದವನಿಗೆ ನಿನ್ನಪ್ಪ ಏನು ಹೇಳುತ್ತಿದ್ದ ನೆನಪಿದೆಯಾ? ಕಾರಿನ ಹರಾಜಿನ ಸುದ್ದಿ ಬರುವುದೇ ಹಾಗೆ: ಗರಿಷ್ಠದ ಸಾಲೊಂದೇ ಅಚ್ಚಾಗುತ್ತದೆ. ಅದೇ ದಿನ, ಅದೇ ಚಾವಡಿಯಲ್ಲಿ, ಅದೇ ಹೆಸರಿನ ಇನ್ನೊಂದು ಕಾರು ಎಷ್ಟಕ್ಕೆ ಇಳಿಯಿತು, ಯಾವುದು ಬಿಕರಿಯಾಗದೆ ವಾಪಸು ಹೋಯಿತು ಅನ್ನುವುದನ್ನು ಹುಡುಕಿ ಓದಬೇಕು. ರೈತ ಧಾರಣೆ ಒಪ್ಪದೆ ಚೀಲ ಹೊರಿಸಿಕೊಂಡು ಬರುವ ಹಾಗೆ ಅಲ್ಲೂ ಒಡೆಯ ‘ರಿಸರ್ವ್’ ಅಂತ ಒಂದು ಬೆಲೆಯನ್ನು ಗುಟ್ಟಾಗಿ ಇಟ್ಟಿರುತ್ತಾನೆ. ಕೂಗು ಅಲ್ಲಿಗೆ ಮುಟ್ಟದಿದ್ದರೆ ಕಾರು ಮಾರಾಟವಿಲ್ಲ.

ಇನ್ನು ನೀನು ನಗುವಿನ ಚಿತ್ರ ಹಾಕಿ ಕಳಿಸಿದ ಆ ಸುಟ್ಟ ಫೆರಾರಿ. 1954ರ 500 ಮೊಂಡಿಯಲ್. 2023ರ ಆಗಸ್ಟಿನಲ್ಲಿ ಅಮೆರಿಕದ ಮಾಂಟೆರೆಯಲ್ಲಿ 18.75 ಲಕ್ಷ ಡಾಲರಿಗೆ ಹೋಯಿತು. ಫೋಟೊದಲ್ಲಿ ಕಾಣುವುದು ಮುದ್ದೆಯಾದ ತಗಡು, ಅಷ್ಟೇ. ‘ಅದಕ್ಕೇ ಅಷ್ಟು ಕೊಟ್ಟಿದ್ದಾರೆ, ಹಾಗಾದರೆ ತುಕ್ಕಿನ ಚಿಂತೆ ಯಾಕೆ ಮಾವ’ ಎಂದು ಕೇಳಿದೆ. ಯಾಕೆಂದರೆ, ಅಲ್ಲಿ ಕೊಂಡವನು ದುಡ್ಡು ಕೊಟ್ಟದ್ದು ತಗಡಿಗಲ್ಲ, ಷಾಸಿ ಅಂದರೆ ಅಡಿಯ ಚೌಕಟ್ಟಿನ ನಂಬರಿಗೆ. ಆ ನಂಬರು ಇದ್ದರೆ ಸುತ್ತ ಹೊಸ ಮೈ ಕಟ್ಟಿದರೂ ಅದು ಅದೇ ಕಾರು ಅಂತ ಲೋಕ ಒಪ್ಪುತ್ತದೆ. ರೇಸಿನ ಚರಿತ್ರೆಯೂ ಅದರ ಜೊತೆಗೇ ಬರುತ್ತದೆ. ಕೈಬೆರಳಲ್ಲಿ ಎಣಿಸುವಷ್ಟೇ ಇರುವ ಗಾಡಿಗೆ ಗುರುತೇ ಬೆಲೆ. ನಿನ್ನ ಫಿಯೆಟ್ಟಿನ ಸಂಗತಿ ಇದರ ತಲೆಕೆಳಗು. 1964ರಲ್ಲಿ ‘ಡಿಲೈಟ್’ ಅಂತ ಬಂದದ್ದು 1972ರಲ್ಲಿ ಪ್ರೆಸಿಡೆಂಟ್ ಆಯಿತು, 1974ರಿಂದ ಪದ್ಮಿನಿ ಆಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಅಷ್ಟು ದೊಡ್ಡ ಸಂಸಾರ. ಅದರಲ್ಲಿ ನಿನ್ನದರ ನಂಬರಿಗೆ ಯಾರೂ ದುಡ್ಡು ಕೊಡುವುದಿಲ್ಲ, ಮೈಗೆ ಮಾತ್ರ ಕೊಡುತ್ತಾರೆ.

ಪ್ಯಾರಿಸಿನ ಆ ಧೂಳಿನ ಫೆರಾರಿಗೂ ಮರುಳಾಗಬೇಡ. 2015ರ ಫೆಬ್ರವರಿಯಲ್ಲಿ ಬಾಯೊನ್ ಎಂಬವನ ಹಳೆ ಕಾರುಗಳ ಸಂಗ್ರಹ ಹರಾಜಾದಾಗ, ಹಳೆ ಪತ್ರಿಕೆಗಳ ಅಟ್ಟಿಯ ಅಡಿಯಲ್ಲಿ ಸಿಕ್ಕಿದ ಕ್ಯಾಲಿಫೋರ್ನಿಯಾ ಸ್ಪೈಡರ್ 1.6 ಕೋಟಿ ಯೂರೊಗೂ ಮೇಲೆ ಹೋಯಿತು. ಒಂದು ಕಾಲಕ್ಕೆ ನಟ ಅಲೇನ್ ಡೆಲೋನ್ ಕೈಯಲ್ಲಿದ್ದ ಗಾಡಿ ಅದು. ಅಲ್ಲಿಂದೀಚೆಗೆ ಮಾರುವವರೆಲ್ಲ ಕಾರು ತೊಳೆಯುವುದನ್ನೇ ಬಿಟ್ಟಿದ್ದಾರೆ. ನೀನು ಕಳಿಸಿದ ಫೋಟೊದಲ್ಲೂ ಬಾನೆಟ್ಟಿನ ಮೇಲೆ ಧೂಳು ಚೆಂದವಾಗಿ ಕೂತಿದೆ, ಟಯರಿನ ಮೇಲೆ ಮಾತ್ರ ಒಂದು ಕಣವೂ ಇಲ್ಲ. ಏನು ಮಾರಾಯ ಅದು?

ಹ್ಯಾಗರ್ಟಿ ಅಂತ ಅಮೆರಿಕದ ಒಂದು ವಿಮಾ ಕಂಪನಿ ಹಳೆ ಕಾರಿನ ಬೆಲೆಪಟ್ಟಿ ಮಾಡುತ್ತದೆ. ಅದರಲ್ಲಿ ಸ್ಥಿತಿಗೆ 1ರಿಂದ 4ರವರೆಗೆ ಅಂಕ. ಒಂದನೆಯದು ಲೋಕದ ಅತ್ಯುತ್ತಮ, ಪ್ರದರ್ಶನಕ್ಕೆ ನಿಲ್ಲಿಸುವಂಥದ್ದು. ಎರಡನೆಯದು ಊರ ಪ್ರದರ್ಶನದಲ್ಲಿ ಬಹುಮಾನ ಹೊಡೆಯುವಂಥದ್ದು. ಮೂರನೆಯದು ಚೆನ್ನಾಗಿ ಓಡುತ್ತದೆ, ಹತ್ತಿರ ಹೋದರೆ ಕುಂದು ಕಾಣುತ್ತದೆ. ನಾಲ್ಕನೆಯದರ ಕುಂದು ದೂರಕ್ಕೇ ಕಾಣುತ್ತದೆ, ಓಡುವುದೇನೋ ಓಡುತ್ತದೆ. ಒಂದೇ ಮಾಡೆಲ್, ಒಂದೇ ವರ್ಷ ಆದರೂ ಮೇಲಿನದಕ್ಕೂ ಕೆಳಗಿನದಕ್ಕೂ ಬೆಲೆಯಲ್ಲಿ ಹಲವು ಪಟ್ಟು ಅಂತರ. ನಮ್ಮಲ್ಲಿ ಅಂಥ ನೆಚ್ಚುವ ಪಟ್ಟಿ ಇಲ್ಲ. ಮಾರುವವನು ಹೇಳಿದ್ದೇ ಅಂಕ. ಮಾರುವವನ ‘ಎರಡು’ ನನ್ನ ಕಣ್ಣಿಗೆ ಸಾಧಾರಣವಾಗಿ ನಾಲ್ಕು. ನೀನು ನೋಡಿದ ಗಾಡಿಯನ್ನು ಪಟ್ಟಿಯ ಹೊರಗೇ ಇಡುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಯಾಕೆ ಅಂತ ಹೇಳುತ್ತೇನೆ. ಜೀಪಿನ ಹಾಗೆ ಫಿಯೆಟ್ಟಿಗೆ ಬೇರೆ ಷಾಸಿ ಇಲ್ಲ. ತಗಡಿನ ಮೈಯೇ ಅದರ ಎಲುಬು. ಜೀಪಿನ ಬಾಡಿ ತೂತಾದರೆ ತೂತಾಯಿತು, ಅಡಿಯ ಚೌಕಟ್ಟು ಗಟ್ಟಿ ಇದ್ದರೆ ಅಡಿಕೆ ಚೀಲ ಹೇರಿ ಓಡಿಸಬಹುದು. ಫಿಯೆಟ್ಟಿನಲ್ಲಿ ಬಾಗಿಲಿನ ಕೆಳಗಿನ ಸಿಲ್, ಕಾಲಡಿಯ ಫ್ಲೋರು, ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗು) ಕಚ್ಚುವ ಜಾಗ ಇವು ತುಕ್ಕು ಹಿಡಿದರೆ ಗಾಡಿ ನಡುಮುರಿಯುತ್ತದೆ. ಎರಡು ತಗಡು ಸೇರಿಸಿ ಸ್ಪಾಟ್ ವೆಲ್ಡ್ ಹೊಡೆದ ಸಂದಿಯಲ್ಲೇ ತುಕ್ಕು ಹುಟ್ಟುತ್ತದೆ, ಒಳಗಿಂದ ಹೊರಗೆ ಬರುತ್ತದೆ. ಪೇಂಟಿನ ಮೇಲೆ ಸಣ್ಣ ಗುಳ್ಳೆ ಕಂಡಿತು ಎಂದರೆ ಒಳಗೆ ಕೆಲಸ ಮುಗಿದಿರುತ್ತದೆ.

ಆದ್ದರಿಂದ ಫೋಟೊ ನೋಡಿ ಕೂಗಬೇಡ. ಹರಾಜಿನ ಷರತ್ತು ಓದಿದ್ದೀಯಾ? ‘ಇದ್ದಲ್ಲಿ, ಇದ್ದ ಹಾಗೆ’ ಅಂತ ಇರುತ್ತದೆ. ಆಮೇಲೆ ಯಾರ ಮೇಲೂ ದೂರು ಇಲ್ಲ. ಮೊದಲೇ ಹೋಗಿ ಗಾಡಿಯನ್ನು ಮುಟ್ಟಿ ನೋಡು. ಒಂದು ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಸಿಲ್, ಚಕ್ರದ ಕಮಾನು, ಬಾಗಿಲಿನ ಬುಡಕ್ಕೆಲ್ಲ ಹಿಡಿ. ಕಚ್ಚದಿದ್ದ ಕಡೆ ಪುಟ್ಟಿ ತುಂಬಿದೆ ಅಂತ ಅರ್ಥ. ಮ್ಯಾಟು ಎತ್ತು, ಸ್ಟೆಪ್ನಿ ಕೂರುವ ಗುಳಿಗೆ ಕೈಹಾಕು, ಗಾಜಿನ ರಬ್ಬರಿನ ಅಂಚು ಬಗ್ಗಿಸಿ ನೋಡು. ಅಡಿಯಲ್ಲೆಲ್ಲ ಹೊಸದಾಗಿ ಕಪ್ಪು ಬಳಿದಿದ್ದರೆ ಯಾಕೆ ಬಳಿದರು ಎಂದು ಕೇಳು. ಬಾಗಿಲು ತೆಗೆದು ಹಾಕು. ತೆಗೆದಾಗ ಕೆಳಗೆ ಜೋತುಬಿದ್ದರೆ, ಹಾಕಲು ಮೇಲೆತ್ತಬೇಕಾದರೆ, ಹಿಂಜ್ ಸವೆದಿರಬಹುದು ಅಥವಾ ಬಾಗಿಲು ಹೊತ್ತ ಕಂಬವೇ ಕುಸಿದಿರಬಹುದು. ಮೊದಲನೆಯದಕ್ಕೆ ಪರಿಹಾರ ಇದೆ.

ಇಂಜಿನ್ನಿನ ವಿಷಯದಲ್ಲಿ ನನಗೆ ಅಷ್ಟು ಭಯವಿಲ್ಲ. ನೀಲಿ ಹೊಗೆ ಬಂದರೆ ಆಯಿಲು ಸುಡುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಎರಡೂ ಕಟ್ಟಿ ನಿಲ್ಲಿಸಬಹುದಾದ ಕೆಲಸ. ಇಂಜಿನ್ ಕಚ್ಚಿಕೊಂಡಿದೆ ಎಂದರೆ ಹೆದರಬೇಡ, ಮುಂದಿನ ಗ್ರಿಲ್ ಇಲ್ಲ ಎಂದರೆ ಹೆದರು. ಬಂಪರು, ಲೈಟಿನ ಗಾಜು, ಬಾಗಿಲ ಹಿಡಿ, ಮೀಟರು, ಕ್ರೋಮಿನ ಪಟ್ಟಿ ಇಂಥ ಸಣ್ಣ ಸಾಮಾನು ಹುಡುಕುವುದರಲ್ಲೇ ಹುಡುಗರ ಸಂಬಳ ಕರಗಿಹೋಗುವುದನ್ನು ಕಂಡಿದ್ದೇನೆ. ತುಕ್ಕು ಕೊರೆದು ಹೊಸ ತಗಡು ಹಾಕಿಸಿ, ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ ಮುಗಿಸಿದ ಗಾಡಿಯ ಮೇಲೆ ಹಾಕಿದ ದುಡ್ಡು ಮಾರುವಾಗ ವಾಪಸು ಬರುವುದಿಲ್ಲ. ಬೇರೊಬ್ಬ ಆ ದುಡ್ಡು ಕಳೆದುಕೊಂಡ ಮೇಲೆ ಅವನ ಕೈಯಿಂದ ತಗೊಳ್ಳುವುದು ಜಾಣತನ. ಕ್ರೂರವಾಗಿ ಕೇಳುತ್ತದೆ, ಇರಲಿ. ಅದಕ್ಕಿಂತ ಒಳ್ಳೆಯದು, ಒಬ್ಬನೇ ಒಡೆಯನ ಕೈಯಲ್ಲಿ ಉಳಿದು ಮೂಲ ಸೀಟು, ಮೂಲ ಬಣ್ಣ ಅಲ್ಲಲ್ಲಿ ಮಾಸಿದ್ದರೂ ಹಾಗೇ ಇರುವ ಗಾಡಿ. ಬಣ್ಣ ಮತ್ತೆ ಹೊಡೆಸಬಹುದು, ಮೂಲವನ್ನು ಮತ್ತೆ ತರಲಾಗದು. ಈಗೀಗ ದೊಡ್ಡ ಹರಾಜುಗಳಲ್ಲೂ ಅಂಥದ್ದಕ್ಕೇ ಮಾನ.

ಕಾಗದಪತ್ರ. ಇಂಜಿನ್ ನಂಬರು, ಷಾಸಿ ನಂಬರು ಎರಡನ್ನೂ ಆರ್‌ಸಿ ಪುಸ್ತಕದ ಜೊತೆ ನೀನೇ ಹಿಡಿದು ನೋಡು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿಂದ ನಮೂನೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬರದೆ ಕಾರವಾರದಲ್ಲಿ ಕೆಎ 30 ನಂಬರು ಸಿಗುವುದಿಲ್ಲ; ಹಳೆ ಆರ್‌ಸಿ ಎಷ್ಟೋ ಸಲ ಕಂಪ್ಯೂಟರಿಗೆ ಏರಿಯೇ ಇರುವುದಿಲ್ಲ. ಒಡೆಯ ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಆಗಿದೆಯೋ ನೋಡು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊಸ ನಿಯಮ ತಂದಿದೆ: ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರದ ವಿಂಟೇಜ್ ನಂಬರು, ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಆದರೆ ಷಾಸಿ, ಬಾಡಿ, ಇಂಜಿನ್ ದೊಡ್ಡ ಮಟ್ಟಿಗೆ ಬದಲಾಗಿರಬಾರದು. ನಂಬರು ಸಿಕ್ಕ ಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು ಇಷ್ಟಕ್ಕೇ ರಸ್ತೆ. ದಿನಾ ಆಫೀಸಿಗೆ ಹೋಗುವ ಯೋಚನೆ ಇದ್ದರೆ ಆ ದಾರಿ ನಿನಗಲ್ಲ. ಡೀಸೆಲ್ ಇಂಜಿನ್ ಕೂರಿಸಿದ ಗಾಡಿಗಳೂ ಅಲ್ಲಲ್ಲಿ ಇವೆ, ಅವುಗಳ ಸುದ್ದಿಗೇ ಹೋಗಬೇಡ.

ಕೂಗುವಾಗ ಒಂದು ನೆನಪಿಡು. ಸುತ್ತಿಗೆ ಬಿದ್ದ ಬೆಲೆ ಕೊಡುವ ಬೆಲೆಯಲ್ಲ. 2018ರಲ್ಲಿ ಫೆರಾರಿ 250 ಜಿಟಿಒ ಒಂದಕ್ಕೆ ಸುತ್ತಿಗೆ ಬಿದ್ದದ್ದು 4.4 ಕೋಟಿ ಡಾಲರಿಗೆ. ಕೊಳ್ಳುವವನ ಶುಲ್ಕ ಸೇರಿ ಆದದ್ದು 4.84 ಕೋಟಿ. ನಿನ್ನ ಹರಾಜಿನಲ್ಲೂ ಶುಲ್ಕ ಇದೆಯೋ, ಎಷ್ಟೆಂದು ಮೊದಲೇ ಕೇಳು. ಸಾಗಣೆ, ವರ್ಗಾವಣೆ, ನಮ್ಮ ರಾಜ್ಯದ ತೆರಿಗೆ, ನಾಲ್ಕು ಟಯರು, ಬ್ರೇಕಿನ ಕೆಲಸ ಎಲ್ಲ ಕೂಡಿಸಿ, ನೀನು ಒಟ್ಟು ಹಾಕಬಲ್ಲ ದುಡ್ಡಿನಿಂದ ಕಳೆ. ಉಳಿದದ್ದು ನಿನ್ನ ಕೂಗಿನ ಮಿತಿ. ಅದನ್ನು ಚೀಟಿಯಲ್ಲಿ ಬರೆದು ಹೆಂಡತಿಯ ಕೈಗೆ ಕೊಡು. ಆಮೇಲೆ ಹತ್ತು ಸಾವಿರ ಏರಿಸಬೇಕೆಂದರೆ ಅವಳನ್ನು ಕೇಳಿಯೇ ಏರಿಸು.

ಇನ್ನು ಕಾರವಾರದ ಕಡಲ ಬದಿಯ ನಿನ್ನ ಕೋಡಿಬಾಗದ ಮನೆ. ಅಲ್ಲಿ ಕಿಟಕಿಯ ಸರಳು, ಫ್ಯಾನಿನ ರೆಕ್ಕೆ ಏನಾಗಿವೆ ನೋಡಿದ್ದೇನೆ. ಉಪ್ಪು ಗಾಳಿಯ ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ, ಬಿಸಿಲು ಬಿದ್ದರೂ ಸಂದಿ ಒಣಗುವುದಿಲ್ಲ. ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊದೆಸಿದೆಯೋ ಕೆಟ್ಟೆ. ಒಳಗೆ ಬೆವರಿ ಇನ್ನೂ ಬೇಗ ತಿನ್ನುತ್ತದೆ. ಗಾಳಿಯಾಡುವ ಹತ್ತಿ ಬಟ್ಟೆ ಹೊದೆಸು, ಮೇಲೆ ಸೂರು ಇರಲಿ, ಅಡಿ ನೆಲ ಸಿಮೆಂಟಾಗಿರಲಿ. ಸಮುದ್ರದ ಬದಿಗೆ ಓಡಿಸಿ ಬಂದ ದಿನ ಅಡಿಗೆಲ್ಲ ಸಿಹಿನೀರು ಹೊಡೆ. ಈಗಿನ ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುತ್ತಾರೆ; ಹಳೆ ರಬ್ಬರು ಪೈಪು, ಪಂಪಿನ ಡಯಾಫ್ರಾಮ್ ಅದಕ್ಕೆ ಉಬ್ಬುತ್ತವೆ, ಬಂದ ಕೂಡಲೇ ಬದಲಿಸು. ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ ಘಟ್ಟದ ಮೇಲಕ್ಕೆ ತಂದು ನಮ್ಮ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಬಿಡು. ಇಲ್ಲಿ ಮಳೆ ಕಡಿಮೆ ಏನಲ್ಲ, ಬೂಷ್ಟು ಹಿಡಿಯುತ್ತದೆ, ಆದರೆ ಉಪ್ಪಿಲ್ಲ.

ಕೂಗುವ ಮೊದಲು ಒಳ್ಳೆಯ ಗಾಡಿ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸ ಆಗಬೇಕು. ಧರ್ಮಸ್ಥಳಕ್ಕೆ ಹೋದಾಗ ಕಾರಿನ ಸಂಗ್ರಹಾಲಯಕ್ಕೆ ಅರ್ಧ ದಿನ ಇಡು. ಬಣ್ಣ ನೋಡಬೇಡ. ಬಾಗಿಲಿಗೂ ಮೈಗೂ ನಡುವಿನ ಸಂದಿ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯೋ ನೋಡುತ್ತಾ ಹೋಗು.

ನೋಡಲು ಹೋಗುವ ದಿನ ತಿಳಿಸಿದರೆ ನಾನೂ ಬರುತ್ತೇನೆ. ನಾನು ಬಗ್ಗುವುದು ಕಷ್ಟ, ಅಡಿಗೆ ಹೋಗಿ ಮಲಗುವುದು ನಿನ್ನದು, ಟಾರ್ಚು ಹಿಡಿಯುವುದು ನನ್ನದು. ನಿನ್ನ ಅಮ್ಮನಿಗೆ ಕಾರಿನ ಸುದ್ದಿ ನಾನಿನ್ನೂ ಬಾಯಿಬಿಟ್ಟಿಲ್ಲ. ಅದನ್ನು ನೀನೇ ಹೇಳಬೇಕು, ಹರಾಜಿನ ಮೊದಲು.

ಇಂತಿ,
ನಿನ್ನ ಮಾವ