ಕೆರೆ ನೀರಿನ ಆಮ್ಲಜನಕವನ್ನು ಬೆಳಗಿನ ಜಾವ ಅಳೆಯಿರಿ

ಮಾನ್ಯರೇ,

ಆಮ್ಲಜನಕವೇ ಇಲ್ಲದೆ ತಿಂಗಳುಗಟ್ಟಲೆ ಬದುಕುವ ಮೀನಿನ ವಿಷಯ ಓದಿದ ಕೆಲವರು, ಅದನ್ನೇ ತಂದು ಆಮ್ಲಜನಕ ಕಡಿಮೆಯಾಗುವ ಕೋಲಾರದ ಕೆರೆಗಳಿಗೆ ಬಿಡಬಹುದಲ್ವಾ ಎನ್ನುತ್ತಿದ್ದಾರೆ. ದಯವಿಟ್ಟು ಬೇಡ.

ಯುರೋಪಿನ ಕ್ರೂಷಿಯನ್ ಕಾರ್ಪ್‌ಗೂ ನಾವು ಮನೆಯಲ್ಲಿ ಸಾಕುವ ಗೋಲ್ಡ್‌ಫಿಶ್‌ಗೂ ಈ ಶಕ್ತಿ ಇದೆ. ಆಮ್ಲಜನಕ ಸಿಗದಿದ್ದರೆ ಬೇರೆ ಮೀನುಗಳ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಸಾಯುತ್ತವೆ. ಇವು ಮಾತ್ರ ಅದನ್ನು ಆಲ್ಕೋಹಾಲ್ ಮಾಡಿ ಕಿವಿರಿನ ಮೂಲಕ ನೀರಿಗೆ ಬಿಟ್ಟುಬಿಡುತ್ತವೆ. ಓಸ್ಲೊ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 2017ರಲ್ಲಿ ಇದರ ಗುಟ್ಟು ಬಿಡಿಸಿದರು. ಲಕ್ಷಾಂತರ ವರ್ಷಗಳ ಹಿಂದೆ ಈ ಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮ್ (ಎಲ್ಲ ಜೀನ್‌ಗಳ ಪೂರ್ತಿ ಗಂಟು) ಇಮ್ಮಡಿಯಾಯಿತು, ಒಂದು ಪ್ರತಿ ಹಳೆ ಕೆಲಸ ನೋಡಿಕೊಂಡಿತು, ಇನ್ನೊಂದರಲ್ಲಿ ಕೆಲವು ಜೀನ್‌ಗಳು ನಿಧಾನವಾಗಿ ಬದಲಾಗಿ ಆಲ್ಕೋಹಾಲ್ ತಯಾರಿಗೆ ನಿಂತವು. ಎಂಥ ಅದ್ಭುತ ನೋಡಿ! ಇದನ್ನು ಬರೀ ಕುಡುಕ ಮೀನಿನ ಸುದ್ದಿ ಮಾಡಿದ್ದು ನನಗೆ ಬೇಸರ ತಂದಿದೆ.

ಆದರೆ ಇದೆಲ್ಲ ನಡೆಯುವುದು ಹಿಮ ಮುಚ್ಚಿದ ಕೊಳಗಳಲ್ಲಿ. ಅಲ್ಲಿನ ಚಳಿಗೆ ಮೀನಿನ ಮೈ ಖರ್ಚು ತೀರಾ ಕಡಿಮೆ, ಪಿತ್ತಜನಕಾಂಗದಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನು ತಿಂಗಳುಗಟ್ಟಲೆ ಸಾಕಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದು ಎಷ್ಟು ದಿನ ಬಂದೀತು? ನಾವು ಬಿಡುವ ಕಾಟ್ಲಾ, ರೋಹುಗಳಿಗಂತೂ ಈ ಏರ್ಪಾಡೇ ಇಲ್ಲ.

2018ರಿಂದ ಕೆಸಿ ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕಳಿಸುವ ನೀರು, ನಮ್ಮ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ್ದು ಸಂತೋಷವೇ. ಆದರೆ ಎರಡು ಹಂತ ಮಾತ್ರ ಶುದ್ಧ ಮಾಡಿದ ನೀರಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ, ಅದರಿಂದ ಪಾಚಿ ಜಾಸ್ತಿಯಾಗುತ್ತದೆ. ಹಗಲಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಎಳೆದುಕೊಳ್ಳುತ್ತದೆ. ಹಾಗಾಗಿ ಮೀನಿಗೆ ಕಷ್ಟ ಬರುವುದು ಸೂರ್ಯ ಹುಟ್ಟುವ ಮುಂಚೆ. ಮಧ್ಯಾಹ್ನ ಹೋಗಿ ಅಳೆದರೆ ಅಂಕಿ ಚೆನ್ನಾಗಿಯೇ ಇರುತ್ತದೆ, ಬೆಳಗ್ಗೆ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದದ್ದು ಯಾವ ದಾಖಲೆಗೂ ಬರುವುದಿಲ್ಲ. ಕೊರಮೀನು ಸಿಗ್ತಿದೆಯಲ್ಲ, ನೀರು ಚೆನ್ನಾಗಿದೆ ಅನ್ನುವವರೂ ಇದ್ದಾರೆ. ಕೊರಮೀನು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ ಸ್ವಾಮಿ, ಅದು ಬದುಕಿದ್ದರೆ ನೀರು ಸರಿಯಿದೆ ಅಂತಲ್ಲ.

ಮೀನು ಸಾಕಣೆಗೆ ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಇದ್ದರೆ ಒಳ್ಳೆಯದು. ಈ ಬೇಸಿಗೆಯಿಂದಲೇ ಬೆಳಗಿನ ಜಾವ 5 ಗಂಟೆಗೆ ಅಳೆದು, ಆ ಅಂಕಿಯನ್ನು ಗ್ರಾಮ ಪಂಚಾಯಿತಿ ಬೋರ್ಡ್ ಮೇಲೆ ಬರೆಯಲಿ. ಕೆರೆ ಗುತ್ತಿಗೆ ಹಿಡಿದವರು ಮರಿ ಬಿಡುವ ಮುಂಚೆ ಅದನ್ನು ನೋಡುವಂತಾಗಬೇಕು.

— ಓದುಗ, ಕೋಲಾರ ತಾಲ್ಲೂಕು