ಪ್ರಯಾಣಕ್ಕೆ ಡೆಸ್ಕ್‌ಟಾಪ್ ಕೊಳ್ಳುವವರು ಮೊದಲು ಫ್ಯಾನಿನ ಸದ್ದು ಕೇಳಿ

ಮಾನ್ಯ ಸಂಪಾದಕರೇ,

ಊರೂರು ಸುತ್ತಿ ಕೆಲಸ ಮಾಡುವವರಿಗೆ ಯಾವ ಕಂಪ್ಯೂಟರ್ ಒಳ್ಳೆಯದು ಎಂದು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಬರಹ ಓದಿದೆ. ಶಕ್ತಿ ಬೇಕಾದವರು ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ಳಿ, ಡೆಸ್ಕ್‌ಟಾಪ್ ಏನಿದ್ದರೂ ಮನೆಯಲ್ಲಿ ಕೂರುವ ಯಂತ್ರ ಎಂದು ಅದರಲ್ಲಿತ್ತು. ಹೊರಗಡೆ ಹೋಗಿ ರೆಕಾರ್ಡಿಂಗ್ ಮಾಡುವ ನನ್ನಂಥವರಿಗೆ ಈ ಸಲಹೆ ಹೊಂದುವುದಿಲ್ಲ. ಅದಕ್ಕೇ ಈ ಪತ್ರ.

ಕರಾವಳಿ, ಮಲೆನಾಡಿನ ಕಡೆ ಯಕ್ಷಗಾನ ಆಟ ಮತ್ತು ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟಗಳನ್ನು ರೆಕಾರ್ಡ್ ಮಾಡುವುದು ನನ್ನ ಕೆಲಸ. ಕೆಲವು ಕಡೆ ನೇರಪ್ರಸಾರವೂ ಇರುತ್ತದೆ. ಆಟದಲ್ಲಿ ಚೆಂಡೆಗೆ ಪೆಟ್ಟು ಬಿದ್ದ ಮೇಲೆ ಕಂಪ್ಯೂಟರ್ ಸದ್ದು ಯಾರಿಗೂ ಕೇಳಿಸದು, ಅದು ಸರಿ. ತಾಳಮದ್ದಳೆ ಹಾಗಲ್ಲ. ಯಾರದೋ ಮನೆಯ ಚಾವಡಿಯಲ್ಲೋ ದೇವಸ್ಥಾನದ ಸಭಾಭವನದಲ್ಲೋ ಕಲಾವಿದರು ಕೂತಿರುತ್ತಾರೆ, ಭಾಗವತರ ಪದ ಮುಗಿಯುತ್ತದೆ, ಪಾತ್ರದ ಮಾತಾಡುವ ಅರ್ಥಧಾರಿಗಳು ತಕ್ಷಣ ಬಾಯಿ ಬಿಡುವುದಿಲ್ಲ, ಒಂದೆರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ತಗ್ಗಿದ ದನಿಯಲ್ಲಿ ಮಾತು ಎತ್ತಿಕೊಳ್ಳುತ್ತಾರೆ. ಕರ್ಣನ ಅರ್ಥ ಹೇಳುವಾಗ ಆ ಮೌನಕ್ಕೇ ಅರ್ಧ ಬೆಲೆ. ಅದೇ ಹೊತ್ತಿಗೆ ಐದಾರು ಅಡಿ ದೂರದಲ್ಲಿರುವ ಲ್ಯಾಪ್‌ಟಾಪಿನ ಫ್ಯಾನು ಸುಂಯ್ ಎಂದು ಎದ್ದರೆ ಮೈಕು ಅದನ್ನೂ ಹಿಡಿಯುತ್ತದೆ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆದರಾಯಿತು ಅನ್ನುವವರಿದ್ದಾರೆ. ಒಂದೇ ಸಮನೆ ಬರುವ ಸದ್ದನ್ನು ಹುಡುಕಿ ಕಳೆಯುವುದು ಅಂಥ ಸಾಫ್ಟ್‌ವೇರ್‌ನ ಕೆಲಸ. ಶ್ರುತಿಪೆಟ್ಟಿಗೆಯ ನಾದವೂ ಒಂದೇ ಸಮನೆ ಬರುತ್ತದೆ ಅಲ್ವಾ? ಫ್ಯಾನಿನ ಜೊತೆ ಶ್ರುತಿಯೂ ಸವೆಯುತ್ತದೆ, ಮಾತು ನೀರೊಳಗಿನಿಂದ ಬಂದ ಹಾಗೆ ಕೇಳುತ್ತದೆ. ಹಿರಿಯ ಕಲಾವಿದರ ಕೂಟ ಮತ್ತೊಮ್ಮೆ ಸಿಗುತ್ತದೆ ಎಂಬ ಭರವಸೆ ಯಾರಿಗಿದೆ? ಧ್ವನಿಮುದ್ರಣ ಆಗುವಾಗಲೇ ಶುದ್ಧವಾಗಿ ಆಗಬೇಕು.

ಗೇಮಿಂಗ್ ಲ್ಯಾಪ್‌ಟಾಪ್ ಯಾಕೆ ಅಷ್ಟು ಸದ್ದು ಮಾಡುತ್ತದೆ? ಕಂಪ್ಯೂಟರ್ ಎಷ್ಟು ವಾಟ್ ಕರೆಂಟು ಎಳೆಯುತ್ತದೋ ಹೆಚ್ಚುಕಡಿಮೆ ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಒಟ್ಟಿಗೆ ದುಡಿದರೆ ಇಂಥ ಯಂತ್ರ 150 ವಾಟ್ ದಾಟುವುದು ಮಾಮೂಲಿ. ಅಷ್ಟು ಬಿಸಿಯನ್ನು ಅಷ್ಟು ತೆಳ್ಳನೆಯ ಮೈಯಿಂದ ಹೊರಗೆ ದೂಡಬೇಕಾದರೆ ಸಣ್ಣ ಫ್ಯಾನುಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಲೇಬೇಕು. ಫ್ಯಾನು ಅಗಲವಾದಷ್ಟೂ ಅಷ್ಟೇ ಗಾಳಿಯನ್ನು ನಿಧಾನವಾಗಿ ತಿರುಗಿ ತಳ್ಳಬಹುದು, ಸದ್ದೂ ಕಡಿಮೆ. ಡೆಸಿಬಲ್ ಲೆಕ್ಕ ಗೊತ್ತಿಲ್ಲದವರು 35ಕ್ಕೂ 45ಕ್ಕೂ ಏನು ಮಹಾ ವ್ಯತ್ಯಾಸ ಅಂದುಕೊಳ್ಳುತ್ತಾರೆ. 10 ಡೆಸಿಬಲ್ ಏರಿದರೆ ನಮ್ಮ ಕಿವಿಗೆ ಸದ್ದು ಸುಮಾರು ಎರಡರಷ್ಟಾಗಿ ಕೇಳುತ್ತದೆ.

ಇನ್ನೊಂದು ವಿಷಯ ಆ ಬರಹದಲ್ಲಿ ಬಂದೇ ಇಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ. ಲ್ಯಾಪ್‌ಟಾಪಿನಲ್ಲಿ ಕೀಬೋರ್ಡು, ಪರದೆ, ಫ್ಯಾನು ಎಲ್ಲಾ ಒಂದೇ ಕಡೆ. ನಾನು ಎಲ್ಲಿ ಕೂರುತ್ತೇನೋ ಸದ್ದೂ ಅಲ್ಲೇ. ಸಣ್ಣ ಡೆಸ್ಕ್‌ಟಾಪ್ ಆದರೆ ಪೆಟ್ಟಿಗೆಯನ್ನು ದೂರ ಇಡಬಹುದು. 5 ಮೀಟರಿನ ಒಂದು ಎಚ್‌ಡಿಎಂಐ ಕೇಬಲ್, ಅಷ್ಟೇ ಉದ್ದದ ಒಂದು ಯುಎಸ್‌ಬಿ ಕೇಬಲ್ ಇದ್ದರೆ ಯಂತ್ರ ಬಾಗಿಲ ಆಚೆ ಜಗಲಿಯಲ್ಲಿ, ನಾನು ಮಾನಿಟರ್ ಮತ್ತು ಮೌಸ್ ಹಿಡಿದು ಒಳಗೆ. ಬಯಲಿನಲ್ಲಾದರೆ ದೂರ ಎರಡು ಪಟ್ಟಾದ ಹಾಗೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೋಣೆಯಲ್ಲಿ ಅಷ್ಟು ಇಳಿಯದು, ಆದರೆ ನಡುವೆ ಒಂದು ಗೋಡೆ ಬಂದರೆ ಚಿಂತೆಯೇ ಇಲ್ಲ. ಬಸ್ಸಿನಲ್ಲಿ, ರೈಲಿನಲ್ಲಿ ಕೂತು ಕೆಲಸ ಮಾಡುವವರಿಗೆ ಲ್ಯಾಪ್‌ಟಾಪೇ ಸರಿ. ಆದರೆ ಒಂದು ಜಾಗಕ್ಕೆ ಹೋಗಿ, ಕರೆಂಟು ಜೋಡಿಸಿ, ಕೂತು ದುಡಿಯುವವರಿಗೆ ಡೆಸ್ಕ್‌ಟಾಪೇ ಅನುಕೂಲ.

ಈಗ ಯಾವುದು ಕೊಳ್ಳುವುದು? ಬಜೆಟ್ ಕಡಿಮೆ ಇದ್ದವರಿಗೆ ನಾನು ಮೊದಲು ಹೇಳುವುದು ಆಫೀಸುಗಳಿಂದ ಹೊರಬಂದ ಒಂದು ಲೀಟರ್ ಗಾತ್ರದ ಯಂತ್ರಗಳನ್ನು. ಲೆನೊವೊದ ಟೈನಿ, ಡೆಲ್‌ನ ಮೈಕ್ರೋ, ಎಚ್‌ಪಿಯ ಮಿನಿ ಎಲ್ಲಾ ಇದೇ ಜಾತಿ. ಒಂದು ದಪ್ಪ ಪುಸ್ತಕದಷ್ಟು ಜಾಗ ಸಾಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ಟಿ ಅಕ್ಷರ ಇದೆಯಾ ನೋಡಿ, ಅದು ಕಡಿಮೆ ವಾಟಿನ ಚಿಪ್ಪಿನ ಗುರುತು. ಇಂಟೆಲ್ ಐ5-10500ಟಿ ಅಂದರೆ 6 ಕೋರ್, 35 ವಾಟ್ ಲೆಕ್ಕದ ಚಿಪ್ಪು. ಬಹುಪಾಲು ಧ್ವನಿಯ ಕೆಲಸಕ್ಕೆ ಇದು ಧಾರಾಳ. ಮೇಲಿನ ಮುಚ್ಚಳ ಸುಲಭವಾಗಿ ತೆಗೆಯಬಹುದು, ಮೆಮೊರಿ, ಎಸ್‌ಎಸ್‌ಡಿ ನಾವೇ ಹಾಕಿಕೊಳ್ಳಬಹುದು. ಆದರೆ ಇಂಟೆಲ್ 7ನೇ ಪೀಳಿಗೆಯ ಯಂತ್ರವನ್ನೋ ಅದಕ್ಕಿಂತ ಹಳೆಯದನ್ನೋ ಅಗ್ಗಕ್ಕೆ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅವುಗಳಲ್ಲಿ ಹೆಚ್ಚಿನವು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಖರ್ಚು ಮಾಡಬಲ್ಲವರಿಗೆ 2024ರಲ್ಲಿ ಬಂದ ಮ್ಯಾಕ್ ಮಿನಿ ಒಳ್ಳೆಯ ಆಯ್ಕೆ. ಉದ್ದ, ಅಗಲ 12.7 ಸೆಂ.ಮೀ., ಎತ್ತರ 5 ಸೆಂ.ಮೀ., ತೂಕ ಮುಕ್ಕಾಲು ಕಿಲೋಗಿಂತ ಕಡಿಮೆ. ನಮ್ಮಲ್ಲಿ ಬಂದಾಗ ಆರಂಭದ ಬೆಲೆ 59,900 ರೂಪಾಯಿ ಇತ್ತು. ಫ್ಯಾನು ಇದೆ, ಆದರೆ ಮಾಮೂಲಿ ಕೆಲಸದಲ್ಲಿ ಅದರ ಸದ್ದು ಕಿವಿಗೆ ಬೀಳುವುದು ಅಪರೂಪ. ಅಡಾಪ್ಟರ್ ಪೆಟ್ಟಿಗೆಯ ಒಳಗೇ ಇರುವುದರಿಂದ ಒಂದು ವೈರು ಒಯ್ದರೆ ಸಾಕು, ಪ್ರಯಾಣದಲ್ಲಿ ಇದು ಬಹಳ ದೊಡ್ಡ ಸುಖ. ಮೆಮೊರಿ ಮಾತ್ರ ಕೊಳ್ಳುವಾಗಲೇ ಯೋಚಿಸಿ ಹಾಕಿಸಿ, ಆಮೇಲೆ ಸೇರಿಸಲಾಗದು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನಿಮ್ಮ ಆಡಿಯೋ ಇಂಟರ್‌ಫೇಸ್ ಹಳೆಯದಾದರೆ ಅದರ ಡ್ರೈವರ್ ಮ್ಯಾಕ್‌ಗೆ ಸಿಗುತ್ತದಾ ಎಂದು ಕೇಳಿಕೊಂಡೇ ದುಡ್ಡು ಕೊಡಿ.

ಇವೆರಡರ ನಡುವೆ ಎಎಂಡಿ ಕಂಪನಿಯ ರೈಜನ್ ಲ್ಯಾಪ್‌ಟಾಪ್ ಚಿಪ್ಪು ಹಾಕಿದ ಮಿನಿ ಪಿಸಿಗಳು ಬೇಕಾದಷ್ಟಿವೆ. ಇಂಟೆಲ್ ತನ್ನ ನಕ್ ಹೆಸರಿನ ಪುಟ್ಟ ಕಂಪ್ಯೂಟರ್‌ಗಳನ್ನು 2023ರಲ್ಲಿ ನಿಲ್ಲಿಸಿತು, ಆಸುಸ್ ಈಗ ಅದನ್ನು ಮುಂದುವರಿಸುತ್ತಿದೆ. ಇಂಥ ಎಷ್ಟೋ ಯಂತ್ರಗಳ ಬಯಾಸ್‌ನಲ್ಲಿ (ಯಂತ್ರ ಹೊತ್ತಿಕೊಳ್ಳುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಕ್ವಯಟ್, ಬ್ಯಾಲೆನ್ಸ್‌ಡ್, ಪರ್ಫಾರ್ಮೆನ್ಸ್ ಎಂದು ಆಯ್ಕೆ ಇರುತ್ತದೆ. ಅದರಿಂದ ಚಿಪ್ಪನ್ನು 54 ವಾಟಿನಿಂದ 35ಕ್ಕೆ ಇಳಿಸಿದರೆ ವೇಗ ಸ್ವಲ್ಪ ಕಮ್ಮಿಯಾಗುತ್ತದೆ, ಸದ್ದು ಬಹಳ ಕಮ್ಮಿಯಾಗುತ್ತದೆ. ಕೊಂಡ ದಿನವೇ ಇದನ್ನು ಮಾಡಿ.

ವಿಡಿಯೋ ಜಾಸ್ತಿ ಇದ್ದು ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಅನ್ನುವವರು 17 ಸೆಂ.ಮೀ. ಚದರದ ಮಿನಿ ಐಟಿಎಕ್ಸ್ ಬೋರ್ಡಿನಲ್ಲಿ ಜೋಡಿಸಿಕೊಳ್ಳಬಹುದು. ಭಾರ ಆಗುತ್ತದೆ. ಘಾಟಿ ರಸ್ತೆಯಲ್ಲಿ ಒಯ್ಯುವಾಗ ಕಾರ್ಡನ್ನು ಬಿಚ್ಚಿ ಬೇರೆ ಕಟ್ಟಿಕೊಳ್ಳಿ, ಕುಲುಕಿದರೆ ಕಾರ್ಡು ಕೂರುವ ಸ್ಲಾಟೇ ಮುರಿಯಬಹುದು.

ಸದ್ದೇ ಬೇಡ ಅಂದರೆ ಫ್ಯಾನೇ ಇಲ್ಲದ್ದು ತಗೊಂಡರೆ ಆಯ್ತಲ್ಲ ಎಂದು ಗೆಳೆಯರು ಕೇಳುತ್ತಾರೆ. ಇವುಗಳಲ್ಲಿ ಲೋಹದ ಮೈಯೇ ಬಿಸಿಯನ್ನು ಹೊರಗೆ ಬಿಡಬೇಕು. ಏಪ್ರಿಲ್ ತಿಂಗಳ ಕರಾವಳಿ ಸೆಕೆಯಲ್ಲಿ, ಸುತ್ತಲಿನ ಗಾಳಿಯೇ 35 ಡಿಗ್ರಿ ಇರುವಾಗ ಆ ಬಿಸಿ ಹೋಗುವುದಾದರೂ ಎಲ್ಲಿಗೆ? ಚಿಪ್ಪು ತನ್ನ ಮಿತಿ ಮುಟ್ಟಿದ ಕೂಡಲೇ ವೇಗ ಇಳಿಸಿಕೊಳ್ಳುತ್ತದೆ. ಬರೀ ರೆಕಾರ್ಡಿಂಗಿಗೆ ಇದು ನಡೆಯುತ್ತದೆ. ನೇರಪ್ರಸಾರ ಸೇರಿದರೆ ನಾನು ಒಪ್ಪುವುದಿಲ್ಲ.

ಅಂಗಡಿಗೆ ಹೋದಾಗ ಏನು ಮಾಡಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಗಡಿಯ ಗದ್ದಲದಲ್ಲಿ ಯಾವ ಯಂತ್ರವೂ ಮೆಲ್ಲಗೇ ಕೇಳುತ್ತದೆ. ಒಳಗಿನ ಕೋಣೆಗೆ ಒಯ್ದು ಎಸಿ ಆರಿಸಿ ಹಚ್ಚಿ ತೋರಿಸಿ ಎಂದು ಕೇಳಿ. ಒಂದು ಉದ್ದನೆಯ ವಿಡಿಯೋವನ್ನು ಎಕ್ಸ್‌ಪೋರ್ಟಿಗೆ ಹಾಕಿ, ಅರ್ಧ ಗಂಟೆ ಕಾಯಿರಿ. ಮೊದಲ ಎರಡು ನಿಮಿಷದ ವೇಗ ನೋಡಿ ಮರುಳಾಗಬೇಡಿ, ಆಗ ಎಲ್ಲಾ ಚಿಪ್ಪುಗಳೂ ಜೋರಾಗಿ ಓಡುತ್ತವೆ. ಕೊನೆಯ ಹತ್ತು ನಿಮಿಷದ ವೇಗ, ಆಗಿನ ಸದ್ದು, ಇವೆರಡನ್ನೇ ನಂಬಿ. ಫ್ಯಾನು ಒಂದೇ ಹದದಲ್ಲಿ ತಿರುಗುತ್ತದಾ, ಇಲ್ಲಾ ಏರುತ್ತಾ ಇಳಿಯುತ್ತಾ ಇರುತ್ತದಾ ಗಮನಿಸಿ. ಏರಿಳಿಯುವ ಸದ್ದು ಮೈಕಿನಲ್ಲಿ ಇನ್ನೂ ಕೆಟ್ಟದಾಗಿ ಬರುತ್ತದೆ. ಆಮೇಲೆ ಕಿವಿಯನ್ನು ಹತ್ತಿರ ತಂದು ಕೇಳಿ. ಫ್ಯಾನು ಅಲ್ಲದ ಇನ್ನೊಂದು ಸಣ್ಣ ಕೀಚಲು ದನಿ ಇರಬಹುದು, ಬೋರ್ಡಿನ ಕಾಯಿಲ್‌ಗಳಿಂದ ಬರುವಂಥದ್ದು. ಅಡಾಪ್ಟರಿಗೂ ಹೀಗೇ ಕಿವಿಯಿಡಿ. ಹೀಗೆಲ್ಲ ಪರೀಕ್ಷೆ ಮಾಡಲು ಬಿಡದ ಅಂಗಡಿಯಲ್ಲಿ ನಾನು ಕೊಳ್ಳುವುದಿಲ್ಲ.

ಡೆಸ್ಕ್‌ಟಾಪಿಗೆ ಬ್ಯಾಟರಿ ಇಲ್ಲ, ಕರೆಂಟು ಹೋದರೆ ಏನು ಗತಿ ಎಂಬುದು ನ್ಯಾಯವಾದ ಪ್ರಶ್ನೆ. ಆಟದ ಬಯಲಿನಲ್ಲಿ ಲೈನಿನಿಂದ ಜನರೇಟರಿಗೆ ಬದಲಿಸುವಾಗ ಒಂದು ಕ್ಷಣ ಕಡಿತ ಆಗಿಯೇ ಆಗುತ್ತದೆ. ಸಣ್ಣ ಯುಪಿಎಸ್ ಬೇಕೇ ಬೇಕು. ಮನೆಯಲ್ಲಿ ಬಳಸುವ ಸಣ್ಣ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್ ಅವರ್ ಬ್ಯಾಟರಿ ಇರುತ್ತದೆ, ಅಂದರೆ 84 ವಾಟ್ ಅವರ್. ನಷ್ಟವನ್ನೆಲ್ಲ ಕಳೆದರೂ 60 ವಾಟಿನ ಯಂತ್ರವನ್ನು ಅರ್ಧ ಗಂಟೆ ನಡೆಸುತ್ತದೆ, ಬ್ಯಾಟರಿ ಹೊಸದಾಗಿದ್ದರೆ. ಯಂತ್ರ ಕಡಿಮೆ ವಾಟಿನದಾಗಿರಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಜೊತೆಗೆ ಬಯಾಸ್‌ನಲ್ಲಿ ಕರೆಂಟು ಬಂದ ತಕ್ಷಣ ತಾನೇ ಹೊತ್ತಿಕೊಳ್ಳುವ ಆಯ್ಕೆ ಇದ್ದರೆ ಹಾಕಿಡಿ, ದೂರದಲ್ಲಿಟ್ಟ ಪೆಟ್ಟಿಗೆಯ ಬಳಿ ಓಡುವುದು ತಪ್ಪುತ್ತದೆ. ರೆಕಾರ್ಡಿಂಗ್ ಇಡಲು ಡಿಸ್ಕಿನಲ್ಲಿ ಜಾಗ ಎಷ್ಟು ಬೇಕು ಎಂಬ ಲೆಕ್ಕವೂ ಸುಲಭ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿಗೆ ಗಂಟೆಗೆ ಸುಮಾರು 520 ಎಂಬಿ. ಎಂಟು ಮೈಕು, ರಾತ್ರಿಯಿಡೀ ಎಂಟು ಗಂಟೆಯ ಆಟ ಅಂದರೆ 33 ಜಿಬಿ ಆಸುಪಾಸು. ಈಗಿನ ಕಾಲಮಿತಿ ಪ್ರಯೋಗಗಳಿಗೆ ಅಷ್ಟೂ ಬೇಡ.

ಮೇಳದ ಜೊತೆ ದುಬೈಗೋ ಅಮೆರಿಕಕ್ಕೋ ಹೋಗುವವರು ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದು ಬರೆದಿದೆಯಾ ನೋಡಿ. ಹಾಗಿದ್ದರೆ ಅಮೆರಿಕದ 120 ವೋಲ್ಟಿಗೂ ನಡೆಯುತ್ತದೆ, ಪ್ಲಗ್ ಮಾತ್ರ ಬದಲಿಸಬೇಕು. ವಿಮಾನದಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಒಂದು ಕಿಲೋ ಆಸುಪಾಸಿನ ಮಿನಿ ಪಿಸಿ, ಸುಮಾರು ಅಷ್ಟೇ ಭಾರದ 15.6 ಇಂಚಿನ ಪೋರ್ಟಬಲ್ ಮಾನಿಟರ್, ಕೀಬೋರ್ಡು, ಕೇಬಲ್‌ಗಳು ಎಲ್ಲಾ ಸೇರಿ ಅದರೊಳಗೆ ಆರಾಮಾಗಿ ಕೂರುತ್ತವೆ. ಒಂದೇ ಯುಎಸ್‌ಬಿ-ಸಿ ವೈರಿನಲ್ಲಿ ಮಾನಿಟರಿಗೆ ಚಿತ್ರವೂ ಕರೆಂಟೂ ಹೋಗಬೇಕಾದರೆ ಕಂಪ್ಯೂಟರಿನ ಆ ಪೋರ್ಟಿಗೆ ಡಿಸ್‌ಪ್ಲೇಪೋರ್ಟ್ ಸೌಲಭ್ಯ ಇರಬೇಕು, ಎಲ್ಲದಕ್ಕೂ ಇರುವುದಿಲ್ಲ.

ಸಂಪಾದಕರೇ, ಕಂಪ್ಯೂಟರ್ ಸದ್ದನ್ನು ಅಳೆಯಲು ಐಎಸ್‌ಒ 7779, ಅದನ್ನು ಘೋಷಿಸಲು ಐಎಸ್‌ಒ 9296 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ. ಕೆಲವು ದೊಡ್ಡ ಕಂಪನಿಗಳು ಅವುಗಳ ಪ್ರಕಾರ ಅಂಕಿ ಕೊಡುತ್ತವೆ ಕೂಡ. ಆದರೆ ನಮ್ಮ ಅಂಗಡಿಗಳಲ್ಲಿ ನಾನು ನೋಡಿದ ಮಿನಿ ಪಿಸಿ ಡಬ್ಬಿಗಳ ಮೇಲೆ ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಎಂದು ದಪ್ಪಕ್ಷರದಲ್ಲಿ ಇರುತ್ತದೆ, ಸದ್ದಿನ ಸುದ್ದಿಯೇ ಇರುವುದಿಲ್ಲ. ತಯಾರಕರು ಇದನ್ನು ಡಬ್ಬಿಯ ಮೇಲೆಯೇ ಹಾಕಬೇಕು. ನಿಮ್ಮ ಪತ್ರಿಕೆಯಿಂದಲೂ ಒಂದು ಕೆಲಸ ಆಗಬೇಕು. ಮುಂದಿನ ಸಲ ಯಾವುದೇ ಕಂಪ್ಯೂಟರಿನ ವಿಮರ್ಶೆ ಹಾಕುವಾಗ ಅರ್ಧ ಗಂಟೆ ಪೂರ್ತಿ ದುಡಿಸಿದ ಮೇಲೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬಂತು, ಗೋಡೆಯ ಪ್ಲಗ್ಗಿನಿಂದ ಎಷ್ಟು ವಾಟ್ ಎಳೆಯಿತು ಎಂದು ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಿಸಿ.

ಇತಿ,
ಯಕ್ಷಗಾನ ಧ್ವನಿಮುದ್ರಣ ಮಾಡುವ ಒಬ್ಬ ಓದುಗ,
ಶಿರಸಿ