ಚಿತ್ರಕಾರರ ಬೆನ್ನಿಗೆ ನಿಂತವರಿಗೂ ಸನ್ಮಾನ ಸಲ್ಲಲಿ

ಮಾನ್ಯ ಸಂಪಾದಕರೇ,

ದೀಪಾವಳಿ ಕಳೆಯಿತೆಂದರೆ ಮುಂಬಯಿಯ ನಮ್ಮ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವಗಳ ಕಾಲ ಆರಂಭವಾಗುತ್ತದೆ. ಮಾಟುಂಗಾದಿಂದ ಡೊಂಬಿವಲಿಯವರೆಗೆ, ಸಾಂತಾಕ್ರೂಜ್‌ನಿಂದ ವಸಾಯಿಯವರೆಗೆ ಪ್ರತಿ ಭಾನುವಾರ ಎಲ್ಲಾದರೊಂದು ಕಡೆ ಯಾರಿಗಾದರೂ ಸನ್ಮಾನ ನಡೆಯುತ್ತಿರುತ್ತದೆ. ದಾನಿಗಳು, ಹೊಟೇಲು ಉದ್ಯಮಿಗಳು, ಯಕ್ಷಗಾನದ ಭಾಗವತರು, ರಂಗನಟರು, ಲೇಖಕರು, ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳು ಶಾಲು ಹೊದೆದು ನಿಂತ ಚಿತ್ರಗಳನ್ನು ನಿಮ್ಮ ಪತ್ರಿಕೆಯಲ್ಲಿ ನೋಡುವಾಗ ಸಂತೋಷವಾಗುತ್ತದೆ, ಅವರೆಲ್ಲರೂ ಅದಕ್ಕೆ ಅರ್ಹರೇ. ಆದರೆ ಆ ಸಾಲಿನಲ್ಲಿ ಚಿತ್ರಕಾರರು ಕಾಣಿಸುವುದು ಅಪರೂಪ. ಚಿತ್ರಕಾರರನ್ನು ಕೈಹಿಡಿದು ದಡ ಮುಟ್ಟಿಸಿದವರ ಹೆಸರನ್ನಂತೂ, 31 ವರ್ಷ ಈ ಮಹಾನಗರದಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದ ನಾನು, ಯಾವ ವೇದಿಕೆಯ ಮೇಲೂ ಕೇಳಿದ್ದಿಲ್ಲ. ಈ ಪತ್ರ ಅವರ ಪರವಾಗಿ.

ನನ್ನ ಮನಸ್ಸಿನಲ್ಲಿ ಮೊದಲು ಬರುವವರು ಘಾಟ್ಕೋಪರ್‌ನ ಓಣಿಯೊಂದರಲ್ಲಿ ಚೌಕಟ್ಟು ಕಟ್ಟುವ ಒಬ್ಬ ಹಿರಿಯರು. ಹದಿನಾಲ್ಕನೆಯ ವಯಸ್ಸಿನಲ್ಲಿ ಕುಂದಾಪುರದ ಕಡೆಯಿಂದ ಹೊಟೇಲು ಕೆಲಸಕ್ಕೆಂದು ಬಂದು, ಚೌಕಟ್ಟಿನ ಕೆಲಸ ಕಲಿತವರು. ದೇವರ ಪಟಗಳಿಗೆ, ತೀರಿಕೊಂಡವರ ಭಾವಚಿತ್ರಗಳಿಗೆ ಕಟ್ಟು ಹಾಕುವುದು ಅವರ ಹೊಟ್ಟೆಪಾಡು. ನಮ್ಮ ರಾತ್ರಿ ಶಾಲೆಯ ಹುಡುಗರು, ಹಗಲೆಲ್ಲ ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಬಂದು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗೆ ಕೂರುತ್ತಿದ್ದವರು, ಮೊದಲ ಸಲ ಪ್ರದರ್ಶನಕ್ಕೆ ಚಿತ್ರ ಕಳಿಸುವಾಗ ಅವರ ಅಂಗಡಿಗೆ ಹೋಗುತ್ತಿದ್ದರು. ಮುಂಬಯಿಯ ಮಳೆಗಾಲದಲ್ಲಿ ಜಲವರ್ಣದ ಕಾಗದ ಗಾಜಿಗೆ ತಾಗಿಕೊಂಡಿದ್ದರೆ ತೇವ ಹಿಡಿದು, ಬೂಸ್ಟು ಬಂದು, ಬಣ್ಣ ಗಾಜಿಗೆ ಅಂಟಿಕೊಂಡುಬಿಡುತ್ತದೆ. ಅದಕ್ಕೆಂದೇ ಕಾಗದಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರ ಕಾಣುವಂತೆ ನಡುವೆ ಕಿಟಕಿ ಕೊಯ್ದ ದಪ್ಪ ರಟ್ಟು, ಇಡಬೇಕು, ಅದರ ಒಳಅಂಚನ್ನು ಓರೆಯಾಗಿ ಕೊಯ್ಯಬೇಕು. ಕೈ ಸ್ವಲ್ಪ ಅಲುಗಿದರೂ ಇಡೀ ಬೋರ್ಡ್ ಹಾಳು. ಅವರು ಉಸಿರು ಬಿಗಿಹಿಡಿದು, ಉಕ್ಕಿನ ಪಟ್ಟಿಯ ಗುಂಟ ಒಂದೇ ಎಳೆತಕ್ಕೆ ಕೊಯ್ಯುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಹುಡುಗನ ಹತ್ತಿರ ದುಡ್ಡಿಲ್ಲವೆಂದು ಗೊತ್ತಾದರೆ, ‘ಚಿತ್ರ ಮಾರಿದ ಮೇಲೆ ಕೊಡು ಮಾರಾಯ’ ಎಂದು ಹೇಳಿ ಉದ್ದನೆಯ ಖಾತೆ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಆ ಪುಸ್ತಕದಲ್ಲಿ ಇಂದಿಗೂ ಹೊಡೆದು ಹಾಕದೆ ಉಳಿದ ಸಾಲುಗಳು ಬಹಳ ಇವೆ. ಒಂದನ್ನೂ ಅವರು ವಸೂಲಿ ಮಾಡಲು ಹೋಗಲಿಲ್ಲ.

ಇದೆಲ್ಲ ಅವರ ವ್ಯಾಪಾರವಲ್ಲವೇ, ಇದಕ್ಕೂ ಸನ್ಮಾನವೇ ಎಂದು ಸಂಘದ ಪದಾಧಿಕಾರಿಯೊಬ್ಬರು ನನ್ನನ್ನು ಕೇಳಿದ್ದುಂಟು. ಅವರಿಗೆ ನಾನು ಈ ನಗರದ ಕಲಾಚರಿತ್ರೆಯನ್ನೇ ಉತ್ತರವಾಗಿ ಹೇಳಿದೆ. 1941ರಲ್ಲಿ ಕೇಕೂ ಗಾಂಧಿಯವರು ಇಲ್ಲಿ ಆರಂಭಿಸಿದ ಕೆಮೌಲ್ಡ್ ಕೂಡ ಚೌಕಟ್ಟಿನ ಉದ್ಯಮವೇ. ಯಾವ ಗ್ಯಾಲರಿಯೂ ಕರೆಯದಿದ್ದ ಕಾಲದಲ್ಲಿ ಎಳೆಯ ಕಲಾವಿದರ ಚಿತ್ರಗಳು ಮೊದಲು ಜನರ ಕಣ್ಣಿಗೆ ಬಿದ್ದದ್ದು ಅಂಥ ಅಂಗಡಿಯ ಗಾಜಿನ ಹಿಂದೆ. ಮುಂದೆ 1963ರಲ್ಲಿ ಅದು ಜಹಾಂಗೀರ್ ಆರ್ಟ್ ಗ್ಯಾಲರಿಯ ಮೊದಲ ಮಹಡಿಯಲ್ಲಿ ಗ್ಯಾಲರಿಯಾಗಿ ಬೆಳೆಯಿತು. 1947ರಲ್ಲಿ ಹುಟ್ಟಿದ ಪ್ರಾಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್‌ನ ತರುಣರ ಬೆನ್ನಿಗೆ ನಿಂತವರಲ್ಲಿ ಯುರೋಪಿನಿಂದ ಬಂದು ಇಲ್ಲಿ ನೆಲೆಸಿದ್ದ ಮೂವರಿದ್ದರು: ತಮ್ಮ ಮನೆಯ ಬಾಗಿಲು ತೆರೆದಿಟ್ಟ ವಾಲ್ಟರ್ ಲ್ಯಾಂಗ್‌ಹ್ಯಾಮರ್, ಪತ್ರಿಕೆಯಲ್ಲಿ ವಿಮರ್ಶೆ ಬರೆದ ರುಡಾಲ್ಫ್ ಫಾನ್ ಲೈಡೆನ್, ಚಿತ್ರಗಳನ್ನು ಹಣ ಕೊಟ್ಟು ಕೊಂಡ ಎಮಾನುಯೆಲ್ ಶ್ಲೆಸಿಂಗರ್. ಮನೆ, ಮಾತು, ಹಣ ಈ ಮೂರೂ ಬೇಕಾದವು ಎಂಬುದನ್ನು ಗಮನಿಸಬೇಕು.

ಇದು ಪರರ ಕಥೆಯೆಂದು ದೂರ ಇಡುವಂತೆಯೂ ಇಲ್ಲ. 1952ರಲ್ಲಿ ಕಾಲಾ ಘೋಡಾದಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ ತೆರೆದದ್ದು ಸರ್ ಕಾವಸ್‌ಜಿ ಜಹಾಂಗೀರ್ ಅವರ ದಾನದಿಂದ, ಆದರೆ ಅದಕ್ಕೆ ಒತ್ತಾಸೆಯಾದವರಲ್ಲಿ ಹೋಮಿ ಭಾಭಾ ಅವರ ಜೊತೆಗೆ ನಮ್ಮ ಕೆ. ಕೆ. ಹೆಬ್ಬಾರರೂ ಇದ್ದರು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1996ರಲ್ಲಿ ತೀರಿಕೊಳ್ಳುವ ತನಕ ಈ ನಗರವನ್ನೇ ಮನೆ ಮಾಡಿಕೊಂಡಿದ್ದ ಹೆಬ್ಬಾರರನ್ನು ದೊಡ್ಡ ಚಿತ್ರಕಾರರೆಂದು ನಾವೆಲ್ಲ ಹೆಮ್ಮೆಯಿಂದ ನೆನೆಯುತ್ತೇವೆ. ಬೇರೆ ಚಿತ್ರಕಾರರಿಗೆ ಒಂದು ಗೋಡೆ ಸಿಗಲೆಂದು ಅವರು ಪಟ್ಟ ಪ್ರಯತ್ನವನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ಅವರ ಹೆಸರಿನಲ್ಲಿ ಸನ್ಮಾನ ಮಾಡುವುದಿದ್ದರೆ ಅವರ ಈ ಗುಣಕ್ಕೂ ಪಾಲು ಸಲ್ಲಬೇಕೆಂದು ನನ್ನ ಅಭಿಪ್ರಾಯ.

ಇನ್ನು ಸನ್ಮಾನದ ರೀತಿಯ ಬಗ್ಗೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಸಮಾರಂಭಕ್ಕೆಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹತ್ತು ರಾತ್ರಿ ಕುಳಿತು ಮುಖ್ಯ ಅತಿಥಿಯ ಭಾವಚಿತ್ರ ಬರೆದುಕೊಟ್ಟ. ಹಣ ಕೊಡಲಿಲ್ಲ, ‘ನಿನಗೂ ಪ್ರಚಾರ ಸಿಗುತ್ತದೆ’ ಎಂದರು. ಕಾರ್ಯಕ್ರಮ ಮುಗಿದು ಊಟಕ್ಕೆ ಎದ್ದಾಗ ನೋಡಿದರೆ, ಆ ಚಿತ್ರ ವೇದಿಕೆಯ ಮೇಲಿನ ಸೋಫಾದ ಹಿಂದೆ, ಬಾಡಿದ ಹಾರಗಳ ಕೆಳಗೆ, ಗೋಡೆಗೆ ಮುಖ ಮಾಡಿಕೊಂಡು ಬಿದ್ದಿತ್ತು. ಆ ಹುಡುಗ ಅದನ್ನು ಎತ್ತಿಕೊಂಡು, ಅಂಗಿಯ ತುದಿಯಿಂದ ಒರೆಸಿ, ಕೊನೆಯ ಲೋಕಲ್ ಹಿಡಿದು ಮನೆಗೆ ಒಯ್ದ. ಸಂಘಟಕರ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಅದು ನನಗೆ ಗೊತ್ತು. ಚಿತ್ರಕ್ಕೆ ಬೆಲೆಯಿದೆ ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ, ಅಷ್ಟೆ. ನನಗೆ ನೋವಾದದ್ದೂ ಅದಕ್ಕೇ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ ಇವುಗಳಿಗೆ ಆಗುವ ಖರ್ಚನ್ನು ಒಟ್ಟುಗೂಡಿಸಿ, ಆ ಹಣದಿಂದ ನಮ್ಮವರೇ ಆದ ಎಳೆಯ ಚಿತ್ರಕಾರನೊಬ್ಬನಿಂದ ಒಂದು ಚಿತ್ರವನ್ನು, ಚೌಕಾಶಿ ಮಾಡದೆ, ಅವನು ಹೇಳಿದ ಬೆಲೆಗೆ ಕೊಂಡು, ಸನ್ಮಾನಿತರಿಗೆ ಅದನ್ನೇ ಕೊಡಬೇಕು. ಯಾರಿಗೆ ಸಲ್ಲಬೇಕು ಎಂಬುದನ್ನು ಕಾರ್ಯಕಾರಿ ಸಮಿತಿ ನಿರ್ಧರಿಸಬಾರದು. ಚಿತ್ರಕಾರರನ್ನೇ ಕೇಳಬೇಕು: ನಿಮ್ಮ ಕಷ್ಟಕಾಲದಲ್ಲಿ ಯಾರು ಏನು ಮಾಡಿದರು, ಒಂದು ಪುಟ ಬರೆದುಕೊಡಿ ಎಂದು. ಆ ಪುಟವನ್ನೇ ಸನ್ಮಾನ ಪತ್ರವೆಂದು ವೇದಿಕೆಯ ಮೇಲೆ ಓದಿದರೆ ಸಾಕು, ‘ಕೊಡುಗೈ ದಾನಿ’, ‘ಕಲಾಪೋಷಕ’ ಎಂಬ ಬಿರುದುಗಳ ಅಗತ್ಯವೇ ಬೀಳದು.

ಹಾಗೆ ಕೇಳಿದರೆ ಎಂಥೆಂಥವರು ಹೊರಬರುತ್ತಾರೆಂಬುದು ನನಗೆ ಸ್ವಲ್ಪ ಗೊತ್ತಿದೆ. ಹೊಟೇಲಿನ ಗೋಡೆಯ ಮೇಲೆ ತಮ್ಮ ಮಾಣಿ ಬರೆದ ಚಿತ್ರಗಳನ್ನೇ ತೂಗುಹಾಕಿ, ಕೇಳಿದ ಗಿರಾಕಿಗಳಿಗೆ ಅವನನ್ನು ಅಡುಗೆಮನೆಯಿಂದ ಕರೆಸಿ ಪರಿಚಯಿಸುತ್ತಿದ್ದ ಮಾಲೀಕರಿದ್ದಾರೆ. ಮಳೆಯಲ್ಲಿ ಟಾರ್ಪಾಲು ಹೊದಿಸಿ ಬಾಡಿಗೆ ಕೇಳದೆ ಚಿತ್ರಗಳನ್ನು ಕಾಲಾ ಘೋಡಾಕ್ಕೆ ಮುಟ್ಟಿಸಿದ ಟೆಂಪೋದವರಿದ್ದಾರೆ. ಕುರ್ಲಾದ ಒಬ್ಬ ನರ್ಸ್ ತಿಂಗಳಿಗೆ ಐನೂರು ರೂಪಾಯಿಯಂತೆ ಹತ್ತು ತಿಂಗಳು ಕೊಟ್ಟು ನನ್ನ ವಿದ್ಯಾರ್ಥಿನಿಯ ಜಲವರ್ಣ ಚಿತ್ರವನ್ನು ಕೊಂಡರು. ಮಲ್ಪೆ ಬಂದರಿನ ಆ ಚಿತ್ರ ಅವರ ಒಂದೇ ಕೋಣೆಯ ಮನೆಯಲ್ಲಿ ಗ್ಯಾಸ್ ಒಲೆಯಿಂದ ದೂರವಿರುವ ಏಕೈಕ ಗೋಡೆಯ ಮೇಲಿದೆ. ಹೊಗೆ ತಾಗಬಾರದೆಂದು ಅವರೇ ಯೋಚಿಸಿ ಅಲ್ಲಿ ಹಾಕಿದ್ದಾರೆ. ಆ ಹಣದಿಂದ ವಿದ್ಯಾರ್ಥಿನಿ ಒಂದು ವರ್ಷದ ಬಣ್ಣ, ಕಾಗದ ಕೊಂಡಳು, ಈಗ ಅವಳೇ ಚಿತ್ರಕಲಾ ಶಿಕ್ಷಕಿ.

ಘಾಟ್ಕೋಪರ್‌ನ ಆ ಓಣಿಯ ಕಟ್ಟಡ ಪುನರ್‌ನಿರ್ಮಾಣಕ್ಕೆ ಹೋಗಲಿದೆ. ಚೌಕಟ್ಟಿನ ಹಿರಿಯರು ಬರುವ ಮೇ ತಿಂಗಳಲ್ಲಿ ಅಂಗಡಿ ಮುಚ್ಚಿ ಊರಿಗೆ ಹೊರಡುವವರಿದ್ದಾರೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ನಮ್ಮ ಜಾತೀಯ ಸಂಘಗಳು, ಉಪನಗರಗಳ ಚಿಕ್ಕ ಸಂಘಗಳು, ಯಾರಾದರೂ ಒಬ್ಬರು ಈ ಚಳಿಗಾಲದಲ್ಲಿಯೇ ಇದನ್ನು ಆರಂಭಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಮುಂದೆ ಬರುವ ಸಂಘಕ್ಕೆ ನನ್ನ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಕೊಡಲು, ಅವರು ಬರೆದುಕೊಡುವ ಪುಟಗಳನ್ನು ಸಂಗ್ರಹಿಸಲು ನಾನು ಸಿದ್ಧನಿದ್ದೇನೆ. ಮೊದಲ ವರ್ಷದ ಚಿತ್ರದ ಹಣದಲ್ಲಿ ಅರ್ಧವನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ, ಡೊಂಬಿವಲಿ ಪೂರ್ವ